ಬಚ್ಚಣ್ಣನ ಮೂವತ್ತೆರಡು

ಮತ್ತೆ ಬಾಯಿ ಹಾಕಿದಿರಾ? ಇದು ಮೂರನೆಯ ಸಲ. ಮೊದಲು ಚಿಕ್ಕವಳಿಗೆ ನೀರು ಬೇಕಾಯಿತು, ಆಮೇಲೆ ದೊಡ್ಡವನಿಗೆ ಹೊರಗೆ ಹೋಗಬೇಕಾಯಿತು, ಈಗ ಪಕ್ಕದ ಮನೆಯವಳಿಗೆ ಹೆಪ್ಪಿಗೆ ಮಜ್ಜಿಗೆ ಬೇಕಂತೆ. ಮಜ್ಜಿಗೆ ಕೊಟ್ಟಾಯಿತು, ಬಾಗಿಲು ಹಾಕಿಯಾಯಿತು. ಕತೆಯ ತಾಯಿ ಇನ್ನೂ ಹೊಸ್ತಿಲು ದಾಟಿಲ್ಲ, ಮಗ ಇನ್ನೂ ಒಂದು ತಪ್ಪೂ ಮಾಡಿಲ್ಲ, ಅಷ್ಟರಲ್ಲಿ ನಿಮ್ಮದು ನೂರು ಪ್ರಶ್ನೆ. ಇನ್ನು ಯಾರಾದರೂ ಬಾಯಿ ತೆರೆದರೆ ಕತೆ ಅಲ್ಲಿಗೇ ನಿಲ್ಲುತ್ತದೆ. ನಗು ಬಂದರೆ ಸದ್ದಿಲ್ಲದೆ ನಗಿ. ಆ ತಾಯಿಗೆ ಅದು ನಗುವ ವಿಷಯವಾಗಿರಲಿಲ್ಲ.

ಹುಣಸೆಕುಂಟೆ ಅಂತ ಒಂದು ಊರು. ಊರಲ್ಲಿ ಅಕ್ಕಯ್ಯಮ್ಮ ಅಂತ ಒಬ್ಬ ತಾಯಿ. ಅವಳಿಗೆ ಗಂಡ ಇಲ್ಲ, ಇರುವವನು ಒಬ್ಬನೇ ಮಗ, ಬಚ್ಚಣ್ಣ. ವಯಸ್ಸು ಇಪ್ಪತ್ತನಾಲ್ಕು, ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರ. ಹೇಳಿದ ಕೆಲಸ ಇಲ್ಲ ಎಂದವನಲ್ಲ. ಕಷ್ಟ ಇದ್ದದ್ದು ಅಲ್ಲೇ. ಹೇಳಿದ್ದನ್ನು ಹೇಳಿದಷ್ಟೇ ಮಾಡುವನು. ಹಾಲು ಉಕ್ಕುತ್ತೆ, ನೋಡ್ತಿರು ಅಂದರೆ ಉಕ್ಕುವ ತನಕ ನೋಡಿ, ಉಕ್ಕಿದ್ದನ್ನೂ ನೋಡಿ, ಒಲೆ ಆರಿದ್ದನ್ನೂ ನೋಡಿ, "ಅಮ್ಮ, ಪೂರ್ತಿ ಉಕ್ಕಿತು" ಅಂತ ಬಂದು ಹೇಳುವನು.

ಒಂದು ವಿಷಯದಲ್ಲಿ ಮಾತ್ರ ಅವನನ್ನು ಹಿಡಿಯುವವರಿರಲಿಲ್ಲ. ಮಗ್ಗಿ. ಹತ್ತೊಂಬತ್ತರ ಮಗ್ಗಿಯನ್ನು ಕೆಳಗಿಂದ ಮೇಲಕ್ಕೆ ಹೇಳುವನು. ಗುಣಿಸುವುದು, ಭಾಗಿಸುವುದು ಎಲ್ಲ ಬಾಯಲ್ಲೇ. ಜೀವಮಾನದಲ್ಲಿ ಒಂದು ಲೆಕ್ಕವೂ ತಪ್ಪಿದವನಲ್ಲ. ಎಲ್ಲಿ ಲೆಕ್ಕ ಮಾಡಬೇಕು, ಎಲ್ಲಿ ಮಾಡಬಾರದು ಅನ್ನುವುದು ಮಾತ್ರ ಅವನ ತಲೆಗೆ ಇಳಿದಿರಲಿಲ್ಲ.

ಅಕ್ಕಯ್ಯಮ್ಮನಿಗೆ ಅಂಕಿಯೂ ಬರದು, ಅಕ್ಷರವೂ ಬರದು. ಆದರೆ ರೇಷ್ಮೆ ಹುಳು ಸಾಕುವುದರಲ್ಲಿ ಅವಳದು ಎತ್ತಿದ ಕೈ. ಹುಳುವಿನ ಕೋಣೆಗೆ ಕಾಲಿಟ್ಟರೆ ಸಾಕು, ಬಿಸಿ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಅವಳ ಕೆನ್ನೆ ಹೇಳುತ್ತಿತ್ತು. ಅದಕ್ಕೇ ಆ ವರ್ಷ ಊರಿನ ಏಳು ಮನೆಯ ಹೆಂಗಸರು ಅವಳ ಬಳಿ ಬಂದರು. ಆಗಷ್ಟೇ ಮೊಟ್ಟೆಯೊಡೆದ ಮರಿಹುಳುವನ್ನು ಪೇಟೆಯಿಂದ ತರುವಷ್ಟರಲ್ಲಿ ಅರ್ಧ ಸಾಯುತ್ತಿದ್ದವು. "ಅಕ್ಕಯ್ಯಮ್ಮ, ನಮ್ಮೆಲ್ಲರ ಮೊಟ್ಟೆಯನ್ನೂ ನಿನ್ನ ಕೋಣೇಲೇ ಒಡೆಸಿ, ಎರಡು ಸಲ ಪೊರೆ ಬಿಡೋವರೆಗೂ ಸಾಕಿ ಕೊಡು. ಆಮೇಲೆ ನಾವು ನೋಡ್ಕೋತೀವಿ" ಎಂದರು.

ಅಕ್ಕಯ್ಯಮ್ಮ ಜೀವನದಲ್ಲಿ ಯಾರಿಂದಲೂ ಅಷ್ಟು ದೊಡ್ಡ ನಂಬಿಕೆ ಪಡೆದವಳಲ್ಲ. ಒಪ್ಪಿಕೊಂಡಳು. "ಇಪ್ಪತ್ನಾಲ್ಕು ತಟ್ಟೆ ಹುಳು ಆಗುತ್ತೆ. ನಿಮಗೆ ಮನೆಗೆ ಮೂರು, ನನಗೆ ಮೂರು. ನಿಮ್ಮದರಲ್ಲಿ ಒಂದು ಕಡಿಮೆಯಾದರೂ ನನ್ನದರಿಂದ ತುಂಬಿ ಕೊಡ್ತೀನಿ" ಎಂದಳು. ಅವಳ ಮಾತು ಅಂದರೆ ಮಾತು.

ಏಳು ಹೆಂಗಸರಲ್ಲಿ ಗಂಗುಲಮ್ಮ ಅಂತ ಒಬ್ಬಳು, ಬಾಯಿ ಸ್ವಲ್ಪ ಜೋರು. ಹೊರಡುವಾಗ ಬಚ್ಚಣ್ಣನನ್ನು ಮೇಲಿಂದ ಕೆಳಗೆ ನೋಡಿ, "ಹುಳು ನಿನ್ನ ಕೈಲಿದ್ದರೆ ಭಯ ಇಲ್ಲ ಕಣೇ. ನಿನ್ನ ಮಗನ ಕೈಗೆ ಮಾತ್ರ ಕೊಡಬೇಡ" ಎಂದಳು.

ಕೊಡದೆ ಗತಿಯಿರಲಿಲ್ಲ. ಮೊಟ್ಟೆ ಕೊಡಿಸಿದವರು ಹುಳು ಸಾಕುವುದನ್ನು ಕಲಿಸುತ್ತಾ ಊರೂರು ತಿರುಗುವ ಒಬ್ಬರು, ಎಲ್ಲರೂ ಅವರನ್ನು ರೇಷ್ಮೆ ಮೇಷ್ಟ್ರು ಅನ್ನುತ್ತಿದ್ದರು. "ಕೆನ್ನೆ ಸಾಲದಮ್ಮ. ಏಳು ಮನೆ ಹುಳು. ಥರ್ಮಾಮೀಟರು ನೋಡಿಯೇ ಸಾಕಬೇಕು" ಎಂದು ಅವರು ಹಟ ಹಿಡಿದರು. ಅಕ್ಕಯ್ಯಮ್ಮನ ಹುಳುವಿನ ಕೋಣೆಯಲ್ಲಿ ಮಾವನ ಕಾಲದ ಮರದ ಹಲಗೆಯ ಥರ್ಮಾಮೀಟರು ಗೋಡೆಗೆ ನೇತುಹಾಕಿತ್ತು. ಅಂಕಿ ಓದುವವನು ಮನೆಯಲ್ಲಿ ಒಬ್ಬನೇ. ಹೊಲದಿಂದ ಎಳೆಯ ಹಿಪ್ಪುನೇರಳೆ ಸೊಪ್ಪು ಬಿಡಿಸಿ ತರುವವಳೂ ಮನೆಯಲ್ಲಿ ಒಬ್ಬಳೇ.

"ಕೋಣೆ ಇಪ್ಪತ್ತೆಂಟು ಡಿಗ್ರಿ ಇರಬೇಕು ಕಣಪ್ಪ ಬಚ್ಚಣ್ಣ" ಎಂದರು ಮೇಷ್ಟ್ರು. "ಹೆಚ್ಚಾದರೆ ಕಿಟಕಿ ತೆಗಿ. ಕಡಿಮೆಯಾದರೆ ಒಲೆಗೆ ಇದ್ದಿಲು ಹಾಕು. ಇಷ್ಟೇ."

"ಇಷ್ಟೇ ತಾನೆ ಸಾರ್?"

"ಇಷ್ಟೇ."

ಮಾರನೆಯ ಬೆಳಿಗ್ಗೆ ಮೊಟ್ಟೆ ಒಡೆದವು. ಇರುವೆಗಿಂತ ಸಣ್ಣ ಕಪ್ಪು ಹುಳು. ಅಕ್ಕಯ್ಯಮ್ಮ ಒಲೆ ಹೊತ್ತಿಸಿ, ಕೆನ್ನೆಗೆ ಹಿತವಾಗುವಷ್ಟು ಬಿಸಿ ಮಾಡಿ, ಮಗನನ್ನು ಕೂರಿಸಿ, ಸೊಪ್ಪಿಗೆ ಹೋದಳು. ಬಚ್ಚಣ್ಣ ಹೋಗಿ ಗೋಡೆ ನೋಡಿದ. ಎಂಬತ್ತೆರಡು!

"ಅಯ್ಯಯ್ಯೋ! ಇರಬೇಕಾದ್ದು ಇಪ್ಪತ್ತೆಂಟು, ಇರೋದು ಎಂಬತ್ತೆರಡು! ಐವತ್ನಾಲ್ಕು ಜಾಸ್ತಿ!"

ಕಿಟಕಿ ತೆಗೆದ. ಎಂಬತ್ತು. ಬಾಗಿಲು ತೆಗೆದ. ಎಪ್ಪತ್ತಾರು. ಒಲೆಯನ್ನು ಅಂಗಳಕ್ಕೆ ಒಯ್ದು ನೀರು ಸುರಿದ. ಎಪ್ಪತ್ತೆರಡು. ಇನ್ನೂ ನಲವತ್ನಾಲ್ಕು ಉಳಿಯಿತಲ್ಲ! ಏಣಿ ಹಾಕಿ, ಸೂರು ಹತ್ತಿ, ನಾಲ್ಕು ಸಾಲು ಹೆಂಚು ಕಿತ್ತ.

ಅಕ್ಕಯ್ಯಮ್ಮ ಸೊಪ್ಪಿನ ಮಂಕರಿ ಹೊತ್ತು ಬಂದಾಗ ಮಾಘದ ಬೆಳಗಿನ ಗಾಳಿ ಕೋಣೆಯೊಳಗೆ ಸುಯ್ಯೆನ್ನುತ್ತಿತ್ತು. ಹುಳುಗಳು ಸೊಪ್ಪು ಬಿಟ್ಟು ಮುದುರಿ ಕೂತಿದ್ದವು. ಸೂರಿನ ಮೇಲಿಂದ ಮಗನ ಮುಖ ಬಗ್ಗಿ ನೋಡಿತು.

"ಅಮ್ಮ, ಅರವತ್ನಾಲ್ಕಕ್ಕೆ ಬಂದೈತೆ. ಇನ್ನೆರಡು ಸಾಲು ಕಿತ್ತರೆ ಆಯ್ತೇನೋ!"

"ಇಳಿಯೋ ಕೆಳಗೆ! ಏಳು ಮನೆ ಹುಳು ಕಣೋ! ಏಳು ಮನೆ!"

ಅವಳು ಹೆಂಚು ಹೊದಿಸಿದಳು, ಒಲೆ ಹೊತ್ತಿಸಿದಳು, ಒಂದೊಂದು ತಟ್ಟೆಯನ್ನೂ ಎದೆಗೆ ಹಿಡಿದು ಕೂತಳು. ಹುಳು ಮೆಲ್ಲಗೆ ಅಲುಗಾಡಿದವು. ಸಾಯಲಿಲ್ಲ. ಮೇಷ್ಟ್ರು ಬಂದವರು ಹಲಗೆ ನೋಡಿ ಹಣೆ ಚಚ್ಚಿಕೊಂಡರು.

"ಇದು ಫ್ಯಾರನ್‌ಹೀಟ್ ಕಣಯ್ಯಾ! ನಾನು ಹೇಳೋದು ಸೆಲ್ಸಿಯಸ್! ಇನ್ನು ಮೇಲೆ ನಾನು ಹೇಳಿದ ಅಂಕಿಯನ್ನ ಒಂಬತ್ತರಿಂದ ಗುಣಿಸು, ಐದರಿಂದ ಭಾಗಿಸು, ಮೂವತ್ತೆರಡು ಕೂಡು. ಆಗ ನಿನ್ನ ಗೋಡೆ ಅಂಕಿ ಬರುತ್ತೆ."

"ಇಪ್ಪತ್ತೆಂಟು ಒಂಬತ್ಲಿ ಇನ್ನೂರ ಐವತ್ತೆರಡು. ಐದರಿಂದ ಭಾಗಿಸಿದರೆ ಐವತ್ತು ಪಾಯಿಂಟ್ ನಾಲ್ಕು. ಮೂವತ್ತೆರಡು ಕೂಡಿದರೆ ಎಂಬತ್ತೆರಡು ಪಾಯಿಂಟ್ ನಾಲ್ಕು!" ಬಚ್ಚಣ್ಣ ಉಸಿರು ಬಿಡುವುದರೊಳಗೆ ಹೇಳಿದ.

ಮೇಷ್ಟ್ರಿಗೆ ಆಶ್ಚರ್ಯವಾಯಿತು. "ಸರಿಯಾಗಿ ಮಾಡ್ತೀಯಲ್ಲೋ! ನಾನು ಯಾವ ಡಿಗ್ರಿ ಹೇಳಿದರೂ ಹೀಗೇ ಮಾಡು."

"ತಪ್ಪಾಯ್ತು ಸಾರ್. ತಪ್ಪಾಯ್ತು ಅಮ್ಮ. ಇನ್ನೊಂದು ಸಲ ಹಂಗೆ ಮಾಡಲ್ಲ."

ಇನ್ನೊಂದು ಸಲ ಹಾಗೆ ಮಾಡಲೂ ಇಲ್ಲ. ಬೇರೆ ಮಾಡಿದ.

ನಾಲ್ಕು ದಿನ ಕಳೆಯಿತು. ಹುಳು ಬೆಳೆದವು, ಬೆಳ್ಳಗಾದವು, ಮೊದಲನೆಯ ಪೊರೆ ಬಿಟ್ಟವು. ಅಕ್ಕಯ್ಯಮ್ಮ ಹೊಲಕ್ಕೆ ಹೋದ ಹೊತ್ತಿಗೆ ಮೇಷ್ಟ್ರು ಫೋನು ಮಾಡಿದರು.

"ಪೊರೆ ಬಿಟ್ಟವಾ ಬಚ್ಚಣ್ಣ? ಒಳ್ಳೇದು. ಹಾಗಾದರೆ ಕೋಣೇಲಿ ಒಂದು ಡಿಗ್ರಿ ಇಳಿಸು."

"ಒಂದು ತಾನೆ ಸಾರ್?"

"ಒಂದೇ ಒಂದು."

ಫೋನಿಟ್ಟು ಬಚ್ಚಣ್ಣ ಲೆಕ್ಕ ಮಾಡಿದ. ಒಂದು ಒಂಬತ್ಲಿ ಒಂಬತ್ತು. ಐದರಿಂದ ಭಾಗಿಸಿದರೆ ಒಂದು ಪಾಯಿಂಟ್ ಎಂಟು. ಮೂವತ್ತೆರಡು ಕೂಡಿದರೆ ಮೂವತ್ತಮೂರು ಪಾಯಿಂಟ್ ಎಂಟು. ಮೇಷ್ಟ್ರ ಒಂದು ಅಂದರೆ ನಮ್ಮ ಗೋಡೆಯ ಮೂವತ್ನಾಲ್ಕು! ಎಂಬತ್ತೆರಡರಲ್ಲಿ ಮೂವತ್ನಾಲ್ಕು ಹೋದರೆ ನಲವತ್ತೆಂಟು. ಕೋಣೆ ನಲವತ್ತೆಂಟಕ್ಕೆ ಇಳಿಯಬೇಕು.

ಹೊರಗೆ ಬಯಲಲ್ಲೇ ಎಪ್ಪತ್ತಿತ್ತು. ಕಿಟಕಿಯಿಂದ ಆಗುವ ಕೆಲಸವಲ್ಲ, ಹೆಂಚು ಕೀಳುವುದಿಲ್ಲ ಅಂತ ಮಾತು ಕೊಟ್ಟಾಗಿದೆ. ಬಚ್ಚಣ್ಣ ಸೈಕಲ್ಲು ಹತ್ತಿ ಪೇಟೆಗೆ ಹೋದ. ಮೀನಿನ ಅಂಗಡಿಯವನ ಕೈಕಾಲು ಹಿಡಿದು, ಎರಡು ದೊಡ್ಡ ಐಸುಗಡ್ಡೆಯನ್ನು ಗೋಣಿಯಲ್ಲಿ ಸುತ್ತಿ ಹೇರಿಕೊಂಡು ಬಂದ. ಒಡೆದು ತಟ್ಟೆಗಳ ಕೆಳಗೆಲ್ಲ ಹರಡಿದ. ತಾನು ಕಂಬಳಿ ಹೊದ್ದು, ಗೋಡೆಯ ಎದುರು ನಿಂತು, ಒಂದೊಂದೇ ಡಿಗ್ರಿ ಎಣಿಸಿದ.

ಅಕ್ಕಯ್ಯಮ್ಮನಿಗೆ ಅಂಗಳದಲ್ಲೇ ಮೀನಿನ ವಾಸನೆ ಬಡಿಯಿತು. ಬಾಗಿಲು ತೆಗೆದರೆ ಕೋಣೆಯಲ್ಲಿ ಹೊಗೆಯಂತೆ ತಣ್ಣನೆಯ ಆವಿ. ನಡುವೆ ಹಲ್ಲು ಕಡಿಯುತ್ತಾ ಮಗ.

"ಅ-ಅಮ್ಮ, ಅ-ಅರವತ್ತೊಂದು. ಇನ್ನು ಹ-ಹದಿಮೂರೇ!"

ಅಕ್ಕಯ್ಯಮ್ಮ ಬಯ್ಯಲಿಲ್ಲ. ಬಯ್ಯಲು ಹೊತ್ತಿರಲಿಲ್ಲ. ಸೆರಗಲ್ಲಿ, ಕೈಯಲ್ಲಿ, ತಲೆಯ ಮೇಲೆ ಐಸು ಹೊತ್ತು ಹೊತ್ತು ಬಾವಿಕಟ್ಟೆಗೆ ಎಸೆದಳು. ಸೀರೆಯೆಲ್ಲ ನೆನೆದು ಮೈಗೆ ಅಂಟಿತು. ಅದೇ ಸೀರೆಯಲ್ಲಿ ಒಲೆ ಊದಿದಳು, ನೆಲ ಒರೆಸಿದಳು, ವಾಸನೆ ಹೋಗಲೆಂದು ಬೇವಿನ ಸೊಪ್ಪಿನ ನೀರಲ್ಲಿ ಮತ್ತೆ ಒರೆಸಿದಳು. ಎಲ್ಲ ಆದ ಮೇಲೆ ಗೋಡೆಗೆ ಒರಗಿ ಕೂತು, "ನಾನೇನೋ ಪಾಪ ಮಾಡಿದ್ದೆ. ಈ ಏಳು ಮನೆಯವರು ಏನು ಮಾಡಿದ್ದರು?" ಎಂದಳು.

ಮೇಷ್ಟ್ರು ಬಂದರು. ಕೂಗಾಡಿದರು.

"ಒಂದು ಡಿಗ್ರಿ ಅಂದರೆ ನಿನ್ನ ಗೋಡೇಲಿ ಎರಡಕ್ಕೂ ಕಡಿಮೆ! ಮೂವತ್ತೆರಡು ಯಾಕೆ ಕೂಡಿದೆ?"

"ಯಾವ ಡಿಗ್ರಿ ಹೇಳಿದರೂ ಹೀಗೇ ಮಾಡು ಅಂದ್ರಿ ಸಾರ್."

ಮೇಷ್ಟ್ರು ತಲೆ ಕೆರೆದುಕೊಂಡರು. ಹಾಗೆ ಅಂದಿದ್ದು ನಿಜ. ಬಾವಿಕಟ್ಟೆಯ ಮೆಟ್ಟಿಲ ಹತ್ತಿರ ಅವನನ್ನು ಕರೆದುಕೊಂಡು ಹೋಗಿ ತಾಳ್ಮೆಯಿಂದ ಹೇಳಿದರು. "ನೋಡು, ನೀರು ಐಸಾಗುವ ಜಾಗ ಒಂದು ಮೆಟ್ಟಿಲು ಅಂದುಕೋ. ನಾನು ಅಲ್ಲಿಂದ ಎಣಿಸೋದಕ್ಕೆ ಶುರು ಮಾಡ್ತೀನಿ. ನನಗೆ ಅದೇ ಸೊನ್ನೆ. ನಿನ್ನ ಗೋಡೆಯವನು ಇನ್ನೂ ಕೆಳಗಿಂದ ಎಣಿಸ್ಕೊಂಡು ಬರ್ತಾನೆ. ಅದೇ ಮೆಟ್ಟಿಲಿಗೆ ಬರೋ ಹೊತ್ತಿಗೆ ಅವನಿಗೆ ಮೂವತ್ತೆರಡಾಗಿರುತ್ತೆ. ನನ್ನ ಸೊನ್ನೆ, ಅವನ ಮೂವತ್ತೆರಡು, ಎರಡೂ ಒಂದೇ ಜಾಗ. ಯಾವ ಮೆಟ್ಟಿಲಲ್ಲಿ ನಿಂತಿದ್ದೀಯ ಅಂತ ಹೇಳೋಕೆ ಆ ಮೂವತ್ತೆರಡು ಬೇಕು. ಎಷ್ಟು ಮೆಟ್ಟಿಲು ಇಳಿದೆ ಅಂತ ಹೇಳೋಕೆ ಬೇಡ. ನನ್ನ ಒಂದು ಮೆಟ್ಟಿಲು ಅವನ ಒಂದು ಪಾಯಿಂಟ್ ಎಂಟು ಮೆಟ್ಟಿಲು, ಅಷ್ಟೇ. ಗೊತ್ತಾಯ್ತಾ?"

ಬಚ್ಚಣ್ಣ ಮೆಟ್ಟಿಲುಗಳನ್ನು ಬಹಳ ಹೊತ್ತು ನೋಡಿದ. "ಸಾರ್, ಈ ಬಾವೀಲಿ ಇರೋದೇ ಹದಿನೆಂಟು ಮೆಟ್ಟಿಲು."

ಮೇಷ್ಟ್ರು ಎದ್ದರು. ತಾವೇ ಕೋಣೆಗೆ ಹೋಗಿ, ಒಲೆ ಸರಿಮಾಡಿ, ಗೋಡೆಯ ಮೇಲೆ ಎಂಬತ್ತು ನಿಲ್ಲಿಸಿದರು. ಬೈಕು ಹತ್ತಿದ ಮೇಲೆ ತಿರುಗಿ ಕೂಗಿ ಹೇಳಿದರು: "ಆ ಮೂವತ್ತೆರಡನ್ನ ಮಾತ್ರ ಇನ್ನೊಂದು ಸಲ ಬಾಯಲ್ಲಿ ಎತ್ತಬೇಡ ಮಾರಾಯ!"

"ಎತ್ತಲ್ಲ ಸಾರ್. ಇನ್ನೊಂದು ಸಲ ಹಂಗೆ ಮಾಡಲ್ಲ."

ಮಾಡಲೂ ಇಲ್ಲ. ಬೇರೆ ಮಾಡಿದ.

ಮಾರನೆಯ ಸಂಜೆ ಅಕ್ಕಯ್ಯಮ್ಮನಿಗೆ ಮೈ ಬಿಸಿಯಾಯಿತು. ನೆಂದ ಸೀರೆ ಸುಮ್ಮನೆ ಬಿಡುತ್ತದೆಯೇ? ಸೊಪ್ಪು ಹೆಚ್ಚುತ್ತಾ ಹೆಚ್ಚುತ್ತಾ ಕುಡುಗೋಲು ಕೈಯಿಂದ ಜಾರಿತು. ಬಚ್ಚಣ್ಣ ಓಡಿಹೋಗಿ ಊರಿನ ಆಶಾ ಕಾರ್ಯಕರ್ತೆ ಶಾಹೀನಕ್ಕನನ್ನು ಕರೆತಂದ. ಅವಳು ಹೊಸ ಥರ್ಮಾಮೀಟರನ್ನು ಕಂಕುಳಲ್ಲಿಟ್ಟಳು. ಅದು ಕುಂಯ್ ಎಂದಿತು.

"ಮೂವತ್ತೊಂಬತ್ತು ಐತೆ" ಎಂದಳು. "ಮಾತ್ರೆ ಮನೇಲೈತೆ, ತರ್ತೀನಿ. ಅಲ್ಲಿವರೆಗೂ ಅಮ್ಮನ್ನ ನೋಡ್ಕೋ."

"ಸೆಲ್ಸಿಯಸ್ಸಾ ಅಕ್ಕ?"

"ಹೂಂ ಕಣೋ, ಸೆಲ್ಸಿಯಸ್ಸೇ. ಭಾರೀ ಕೇಳ್ತೀಯ!"

ಅವಳು ಹೋದಳು. ಬಚ್ಚಣ್ಣ ಲೆಕ್ಕ ಮಾಡಿದ. ಮೂವತ್ತೊಂಬತ್ತು ಒಂಬತ್ಲಿ ಮುನ್ನೂರ ಐವತ್ತೊಂದು. ಐದರಿಂದ ಭಾಗಿಸಿದರೆ ಎಪ್ಪತ್ತು ಪಾಯಿಂಟ್ ಎರಡು. ಮೂವತ್ತೆರಡು ಬಾಯಿಗೆ ಬಂತು, ಹಲ್ಲು ಕಚ್ಚಿ ನುಂಗಿದ.

ಎಪ್ಪತ್ತು! ಹುಳುವಿಗೇ ಎಂಬತ್ತು ಬೇಕು. ಅಮ್ಮ ಎಪ್ಪತ್ತೇ! ಅಮ್ಮ ಹುಳುವಿಗಿಂತ ತಣ್ಣಗಾಗಿ ಹೋಗಿದ್ದಾಳೆ!

ತಾಯಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹುಳುವಿನ ಕೋಣೆಗೆ ನಡೆದ. ಒಲೆಯ ಪಕ್ಕದಲ್ಲಿ ಮಲಗಿಸಿದ. ಕಂಬಳಿ ಹೊದಿಸಿದ. ಕಂಬಳಿಯ ಮೇಲೆ ಗೋಣಿತಾಟು ಹೊದಿಸಿದ. ಅದರ ಮೇಲೆ ತನ್ನ ಎರಡು ಪಂಚೆ.

"ಏನೋ ಮಾಡ್ತಿದ್ದೀಯ? ನನ್ನ ಮೈ ಸುಡ್ತೈತೆ ಕಣೋ!"

"ಸುಡ್ತಿಲ್ಲ ಅಮ್ಮ. ಎಪ್ಪತ್ತೇ ಐತೆ. ನಾನು ಲೆಕ್ಕ ಮಾಡಿದ್ದೀನಿ."

"ನೀರು ಕೊಡೋ!"

"ನೀರು ತಂಪು ಅಮ್ಮ. ಇನ್ನು ಹತ್ತು ಏರಲಿ, ಕೊಡ್ತೀನಿ." ಕಣ್ಣೊರೆಸಿಕೊಳ್ಳುತ್ತಾ ಒಲೆ ಊದಿದ. "ಹೆದರಬೇಡಮ್ಮ. ನಿನ್ನನ್ನ ತಣ್ಣಗಾಗೋಕೆ ಬಿಡಲ್ಲ."

ಶಾಹೀನಕ್ಕ ಬಂದು ನೋಡಿದಾಗ ಗುಡ್ಡದಂತಿದ್ದ ಹೊದಿಕೆಯ ಕೆಳಗಿಂದ ನರಳುವ ಸದ್ದು ಮಾತ್ರ ಬರುತ್ತಿತ್ತು. ಒಂದೊಂದೇ ಎಳೆದು ಬಿಸಾಡಿ, ಮತ್ತೆ ಥರ್ಮಾಮೀಟರು ಇಟ್ಟಳು. ನಲವತ್ತು.

"ನಲವತ್ತಾ?" ಬಚ್ಚಣ್ಣನ ಮುಖ ಅರಳಿತು. "ಅಂದರೆ ಎಪ್ಪತ್ತೆರಡು! ಎರಡು ಏರ್ತು ಅಕ್ಕ! ಇನ್ನು ಎಂಟೇ!"

ಶಾಹೀನಕ್ಕ ಅವನ ಕಪಾಳಕ್ಕೆ ಬಾರಿಸಿದಳು. ಆಮೇಲೆ ಇಬ್ಬರೂ ಸೇರಿ ಅಕ್ಕಯ್ಯಮ್ಮನನ್ನು ಹೊರಗಿನ ಜಗುಲಿಗೆ ತಂದರು. ಶಾಹೀನಕ್ಕ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದಳು, ಮಾತ್ರೆ ನುಂಗಿಸಿದಳು, ನೀರು ಕುಡಿಸಿದಳು. ಜ್ವರ ಇಳಿಯುವ ತನಕ ಅಲ್ಲಿಂದ ಏಳಲಿಲ್ಲ. ಉಸಿರು ಸರಿಯಾದ ಮೇಲೆ ಬಚ್ಚಣ್ಣನನ್ನು ಎದುರಿಗೆ ಕೂರಿಸಿಕೊಂಡಳು.

"ಮೂವತ್ತೊಂಬತ್ತು ಅಂದರೆ ನೂರ ಎರಡು ಕಣೋ! ಸಾಯಿಸಿಬಿಡ್ತಿದ್ದೆಯಲ್ಲೋ ಹೆತ್ತವಳನ್ನ! ಮೂವತ್ತೆರಡು ಎಲ್ಲಿ ಹೋಯ್ತು?"

"ಬಾಯಲ್ಲಿ ಎತ್ತಬೇಡ ಅಂದರು ಅಕ್ಕ."

"ಕೇಳು. ಎಷ್ಟೈತೆ ಅಂದರೆ ಕೂಡು. ಎಷ್ಟು ಏರ್ತು, ಎಷ್ಟು ಇಳೀತು, ಎಷ್ಟು ವ್ಯತ್ಯಾಸ ಅಂದರೆ ಕೂಡಬೇಡ. ಲೆಕ್ಕಕ್ಕೆ ಮುಂಚೆ ಯಾವುದು ಅಂತ ಕೇಳು. ಹೇಳು, ನೋಡೋಣ."

"ಎಷ್ಟೈತೆ ಅಂದರೆ ಕೂಡು. ಎಷ್ಟು ವ್ಯತ್ಯಾಸ ಅಂದರೆ ಕೂಡಬೇಡ."

"ಇನ್ನೊಂದು ಸಲ."

ನೂರು ಸಲ ಹೇಳಿಸಿದಳು. ಅದು ಅವನ ತಲೆಗೆ ಹೊಕ್ಕಿತು. ನಿಜವಾಗಿಯೂ ಹೊಕ್ಕಿತು. ಹತ್ತನೇ ತರಗತಿ ದಾಟಿದ ಎಷ್ಟೋ ಜನಕ್ಕೆ ಹೊಗದ್ದು ಅವನಿಗೆ ಹೊಕ್ಕಿತು.

ಅಕ್ಕಯ್ಯಮ್ಮ ಮೂರು ದಿನ ಜಗುಲಿಯಿಂದ ಏಳಲಿಲ್ಲ. ಹೆಂಗಸರು ಸರದಿಯಲ್ಲಿ ಸೊಪ್ಪು ತಂದು ಹೆಚ್ಚಿ ಬಾಗಿಲಲ್ಲಿಟ್ಟರು, ಬಚ್ಚಣ್ಣ ತಟ್ಟೆಗಳಿಗೆ ಹರಡಿದ. ಗಂಗುಲಮ್ಮನೂ ಬಂದಳು, ಬಯ್ಯುತ್ತಲೇ ಹೆಚ್ಚಿದಳು. ಗೋಡೆಯ ಎಂಬತ್ತು ಎಂಬತ್ತಾಗಿಯೇ ಇತ್ತು. ಆ ಮೂರು ದಿನ ಯಾರೂ ಅವನಿಗೆ ಹೊಸದಾಗಿ ಏನೂ ಹೇಳಲಿಲ್ಲ, ಅದಕ್ಕೇ ಏನೂ ತಪ್ಪಾಗಲಿಲ್ಲ. ಹುಳು ಎರಡನೆಯ ಪೊರೆಯನ್ನೂ ಬಿಟ್ಟವು. ಇಪ್ಪತ್ನಾಲ್ಕು ತಟ್ಟೆ ತುಂಬ, ಒಂದೂ ಸಾಯದೆ, ಸೊಪ್ಪಿಗೆ ತಲೆಯೆತ್ತಿ ಕಾಯುತ್ತಿದ್ದವು.

ಕೊಡುವ ದಿನ ಬಂತು. ಪಡೆಯುವವರು ಬಂದು ಹುಳು ಒಯ್ಯುವುದು ಆ ಊರಲ್ಲಿಲ್ಲ. ದಾರಿಯಲ್ಲಿ ಸತ್ತರೆ ಯಾರ ತಪ್ಪು ಅನ್ನುವ ಜಗಳ ಬೇಡ ಅಂತ, ಸಾಕಿದವರೇ ಒದ್ದೆ ಬಟ್ಟೆ ಮುಚ್ಚಿ ಮನೆಗೆ ಮುಟ್ಟಿಸಬೇಕು. ಬೆಳಿಗ್ಗೆಯೇ ಮೇಷ್ಟ್ರ ಫೋನು ಬಂತು. ತಾಯಿಯ ಮಗ್ಗುಲಲ್ಲೇ ಕೂತು ಬಚ್ಚಣ್ಣ ಮಾತಾಡಿದ.

"ಹುಳು ಎಳೇವು ಕಣಪ್ಪ. ನಿಮ್ಮ ಕೋಣೆಗೂ ಹೋಗೋ ಮನೆಗೂ ಐದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಥರ್ಮಾಮೀಟರು ಹಿಡ್ಕೊಂಡು ಹೋಗು. ಅಷ್ಟರೊಳಗಿರೋ ಮನೆಗೆ ತಟ್ಟೆ ಕೊಡು. ಮೀರಿದ ಮನೆಗೆ ಕೊಡಬೇಡ."

ಬಚ್ಚಣ್ಣ ತಡೆದ. "ಸಾರ್, ಐದು ಅಂದ್ರಲ್ಲ. ಅದು ಎಷ್ಟೈತೆ ಅನ್ನೋದಾ, ಎಷ್ಟು ವ್ಯತ್ಯಾಸ ಅನ್ನೋದಾ?"

"ವ್ಯತ್ಯಾಸ" ಎಂದರು ಮೇಷ್ಟ್ರು.

"ಹಂಗಾದರೆ ಮೂವತ್ತೆರಡು ಬೇಡ. ಐದು ಒಂಬತ್ಲಿ ನಲವತ್ತೈದು, ಐದರಿಂದ ಭಾಗಿಸಿದರೆ ಒಂಬತ್ತು. ನಮ್ಮ ಗೋಡೇಲಿ ಒಂಬತ್ತು. ಕೋಣೆ ಎಂಬತ್ತೈತೆ. ಎಪ್ಪತ್ತೊಂದರಿಂದ ಎಂಬತ್ತೊಂಬತ್ತರವರೆಗೂ ಇರೋ ಮನೆಗೆ ಕೊಡಬೋದು."

"ಬಚ್ಚಣ್ಣ" ಎಂದರು ಮೇಷ್ಟ್ರು. ಅವರ ದನಿ ತಗ್ಗಿತ್ತು. "ನಿನ್ನಂಥ ಜಾಣನನ್ನ ನಾನು ನೋಡಿಲ್ಲ ಕಣಯ್ಯಾ."

ಜಗುಲಿಯ ಮೇಲೆ ಅಕ್ಕಯ್ಯಮ್ಮ ಅದನ್ನು ಕೇಳಿಸಿಕೊಂಡಳು. ಇಪ್ಪತ್ತನಾಲ್ಕು ವರ್ಷದಲ್ಲಿ ಅವಳ ಮಗನಿಗೆ ಯಾರೂ ಆ ಮಾತು ಹೇಳಿರಲಿಲ್ಲ. ಅವನ ಕೈ ಹಿಡಿದು, "ಮೇಷ್ಟ್ರು ಹೇಳಿದಂಗೆ ಮಾಡಪ್ಪ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ" ಎಂದಳು. ಗೋಡೆಯ ಕಡೆ ತಿರುಗಿ ಮಲಗಿದಳು. ಎಷ್ಟೋ ದಿನದ ಮೇಲೆ ಅವಳಿಗೆ ಗಾಢ ನಿದ್ದೆ ಬಂತು.

ಬಚ್ಚಣ್ಣ ಥರ್ಮಾಮೀಟರನ್ನು ಕೊರಳಿಗೆ ಕಟ್ಟಿಕೊಂಡ. ತಲೆಯ ಮೇಲೆ ತಟ್ಟೆ ಇಟ್ಟುಕೊಂಡ. ಬೀದಿಯ ಮೊದಲ ಮನೆಯಿಂದ ಶುರುಮಾಡಿದ.

ಮೊದಲ ಮನೆ ಟೈಲರ್ ದಸ್ತಗೀರ್ ಸಾಬರದು. ಗೋಡೆಗೆ ಹಲಗೆ ಹಿಡಿದು ಕಾದ. ಎಂಬತ್ನಾಲ್ಕು.

"ತಗೊಳ್ಳಿ ಸಾಬರೇ, ಹುಳು."

"ನಂಗ್ಯಾಕೋ ಹುಳ? ನಾನು ಬಟ್ಟೆ ಹೊಲಿಯೋನು!"

"ನಾಲ್ಕೇ ವ್ಯತ್ಯಾಸ. ಒಂಬತ್ತರೊಳಗೈತೆ." ತಟ್ಟೆ ಇಟ್ಟು ಹೊರಟ.

ಬೆಲ್ಲದ ಅಂಗಡಿ, ಎಂಬತ್ತೆರಡು. ಒಂದು ತಟ್ಟೆ. ಶಾಲೆ, ಎಪ್ಪತ್ತೆಂಟು. ಹೆಡ್‌ಮಾಸ್ಟರ ಮೇಜಿನ ಮೇಲೆ ಒಂದು ತಟ್ಟೆ. ಹಿಟ್ಟಿನ ಗಿರಣಿಯಲ್ಲಿ ತೊಂಬತ್ನಾಲ್ಕು. ಕೊಡಲಿಲ್ಲ. ಗಿರಣಿಯವನು, "ಊರಿಗೆಲ್ಲ ಕೊಟ್ಟು ನನಗೊಬ್ಬನಿಗೆ ಇಲ್ಲವಾ? ಏನು ಕೊಡ್ತಿದ್ದೀಯ?" ಎಂದು ಜಗಳಕ್ಕೆ ಬಂದ. "ನಿಮಗೆ ಐದು ಜಾಸ್ತಿ ಆಯ್ತಣ್ಣ" ಎಂದು ಬಚ್ಚಣ್ಣ ಮರುಕದಿಂದ ಹೇಳಿದ. ಕ್ಷೌರದ ಅಂಗಡಿ ಎಂಬತ್ತಾರು, ಕೊಟ್ಟ. ಬಸ್ಸಿನ ತಂಗುದಾಣ ಎಂಬತ್ತೆಂಟು, ಅಲ್ಲಿ ಯಾರೂ ಇರಲಿಲ್ಲ, ಬೆಂಚಿನ ಮೇಲೆ ಇಟ್ಟ. ಏಳು ಮನೆಯಲ್ಲಿ ಆರು ಮನೆಯೂ ದಾರಿಯಲ್ಲಿ ಸಿಕ್ಕವು. ಅವೂ ಒಂಬತ್ತರೊಳಗೇ ಇದ್ದವು. ಅವಕ್ಕೂ ಒಂದೊಂದು ತಟ್ಟೆ ಸಿಕ್ಕಿತು, ಎಲ್ಲರಂತೆ. ಗಂಗುಲಮ್ಮನದು ತಗಡಿನ ಸೂರು. ಮಧ್ಯಾಹ್ನದ ಹೊತ್ತು. ತೊಂಬತ್ತಮೂರು.

"ನಿಮಗೆ ಇಲ್ಲ ಅತ್ತೆ."

"ಇಲ್ಲ ಅಂದರೆ ಏನೋ? ನನ್ನ ಹುಳು ಕಣೋ!"

"ನಾಲ್ಕು ಮೀರೈತೆ. ಮೀರಿದ ಮನೆಗೆ ಕೊಡಬೇಡ ಅಂದವ್ರೆ."

ಗಂಗುಲಮ್ಮ ಕೂಗುತ್ತಾ ಜಗುಲಿಗೆ ಬಂದಾಗ ಅಕ್ಕಯ್ಯಮ್ಮ ಎದ್ದು ಕೂತಳು. ಗೋಡೆ ಹಿಡಿದು ಕೋಣೆಗೆ ಹೋದಳು. ಇಪ್ಪತ್ನಾಲ್ಕು ಜಾಗ, ಇಪ್ಪತ್ನಾಲ್ಕೂ ಬರಿದು. ಬಚ್ಚಣ್ಣ ಬೆವರು ಒರೆಸಿಕೊಳ್ಳುತ್ತಾ ಒಳಗೆ ಬಂದ.

"ಎಲ್ಲ ಮುಟ್ಟಿಸಿದೆ ಅಮ್ಮ. ಒಂದೂ ತಪ್ಪಿಲ್ಲ."

"ಯಾರಿಗೋ?"

"ಇಪ್ಪತ್ನಾಲ್ಕು ಜಾಗಕ್ಕೂ."

ಅಕ್ಕಯ್ಯಮ್ಮ ಅವನನ್ನು ನೋಡಿದಳು. ಅವನು ಹೇಳಿದ್ದಕ್ಕಿಂತ ಒಂದಕ್ಷರ ಹೆಚ್ಚು ಮಾಡಿರಲಿಲ್ಲ, ಒಂದಕ್ಷರ ಕಡಿಮೆ ಮಾಡಿರಲಿಲ್ಲ. ಸೆರಗು ಸಿಕ್ಕಿಸಿ ಬೀದಿಗೆ ಇಳಿದಳು. ಎರಡು ಹೆಜ್ಜೆಗೆ ಪಕ್ಕಕ್ಕೆ ವಾಲಿದಳು. ಬಯ್ಯಲೆಂದೇ ಬಂದಿದ್ದ ಗಂಗುಲಮ್ಮ ಅವಳ ತೋಳು ಹಿಡಿದಳು.

ಹುಳು ತಿನ್ನುವ ಸೊಪ್ಪು ಆ ಮನೆಗಳಲ್ಲಿ ಎಲ್ಲಿದೆ? ಹೊತ್ತು ಇಳಿದಷ್ಟೂ ಹುಳು ಹಸಿಯುತ್ತವೆ. ಇಬ್ಬರೂ ಮನೆಮನೆ ಹತ್ತಿದರು. ಏಳು ಮನೆಯವರೂ ಜೊತೆಗೆ ಹುಡುಕಿದರು. ಕ್ಷೌರದವನು ತಟ್ಟೆಯನ್ನು ಕನ್ನಡಿಯ ಮುಂದೆ ಜೋಪಾನವಾಗಿಟ್ಟಿದ್ದ. ಬೆಂಚಿನ ಮೇಲಿನದನ್ನು ಬಸ್ಸಿಗೆ ಕಾಯುವ ಮುದುಕಿಯೊಬ್ಬಳು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ದಸ್ತಗೀರ್ ಸಾಬರು ತಲೆ ತಗ್ಗಿಸಿ ಬರಿ ತಟ್ಟೆ ಕೊಟ್ಟರು, ಅವರ ಕೋಳಿಗಳು ಹೊಟ್ಟೆ ತುಂಬಿಸಿಕೊಂಡು ಅಂಗಳದಲ್ಲಿ ಮಲಗಿದ್ದವು. ಬೆಲ್ಲದ ಅಂಗಡಿಯಲ್ಲಿ ಇರುವೆ ಮುತ್ತಿ ಒಂದು ಹುಳುವನ್ನೂ ಬಿಟ್ಟಿರಲಿಲ್ಲ. ಶಾಲೆಯ ತಟ್ಟೆ ಬೆಂಕಿಪೊಟ್ಟಣಗಳಲ್ಲಿ ಹಂಚಿಹೋಗಿ ಮಕ್ಕಳ ಜೇಬು ಸೇರಿತ್ತು.

ದೀಪ ಹಚ್ಚುವ ಹೊತ್ತಿಗೆ ಇಪ್ಪತ್ತೊಂದು ತಟ್ಟೆ ಹುಳು ಜಗುಲಿಗೆ ಬಂದವು. ಮೂರು ಬರಲಿಲ್ಲ.

ಅಕ್ಕಯ್ಯಮ್ಮ ಒಬ್ಬೊಬ್ಬರಿಗೂ ಮೂರು ಮೂರು ತಟ್ಟೆ ಎತ್ತಿ ಕೊಟ್ಟಳು. ಗಂಗುಲಮ್ಮನ ಮನೆ ಈಗ ತಣ್ಣಗಾಗಿತ್ತು, ಅವಳಿಗೂ ಮೂರು. ಯಾರಿಗೂ ಒಂದು ಹುಳು ಕಡಿಮೆಯಾಗಲಿಲ್ಲ. ಸಾಕಿದವರೇ ಮುಟ್ಟಿಸಲಿ ಅಂತ ಕಾಯದೆ ಏಳು ಹೆಂಗಸರೂ ತಟ್ಟೆ ತಲೆಯ ಮೇಲಿಟ್ಟುಕೊಂಡು ಹೊರಟರು. ಗಂಗುಲಮ್ಮ ಮಾತ್ರ ಅಂಗಳದಲ್ಲಿ ನಿಂತು ತಿರುಗಿದಳು. ಅವಳ ಬಾಯಿ ಆ ಹೊತ್ತು ಜೋರಿರಲಿಲ್ಲ.

"ನಿನಗೆ ಎಷ್ಟು ಉಳೀತೇ ಅಕ್ಕಯ್ಯಮ್ಮ?"

ಅಕ್ಕಯ್ಯಮ್ಮ ಸೆರಗಲ್ಲಿ ಮುಖ ಒರೆಸಿಕೊಂಡಳು.

"ಸೊನ್ನೆ ಕಣೇ."

ಆ ಮಾತು ಬಚ್ಚಣ್ಣನ ಕಿವಿಗೆ ಬಿತ್ತು. ಅವನು ತುಟಿ ಅಲ್ಲಾಡಿಸುತ್ತಾ ಬೆರಳು ಮಡಿಸಿದ. ದೀಪ ತೆಗೆದುಕೊಂಡು ಕೋಣೆಗೆ ಹೋದ. ತಟ್ಟೆ ಇಡುವ ಹಲಗೆಗಳ ಕೆಳಗೆ ನೋಡಿದ, ಒಲೆಯ ಹಿಂದೆ ನೋಡಿದ, ಬಾಗಿಲ ಮೂಲೆಯಲ್ಲಿ ಬಗ್ಗಿ ನೋಡಿದ. ಹೊರಗೆ ಬಂದು ತಾಯಿಯ ಪಕ್ಕ ಕೂತ. ಅವನ ಮುಖದಲ್ಲಿ ತಪ್ಪು ಮಾಡಿದವನ ಅಳುಕಿರಲಿಲ್ಲ, ಲೆಕ್ಕ ತಪ್ಪಿಸಬಾರದು ಅನ್ನುವವನ ಕಾಳಜಿಯಿತ್ತು. ದೀಪವನ್ನು ಇಬ್ಬರ ನಡುವೆ ಇಟ್ಟು ಕೇಳಿದ.

"ಯಾರ ಸೊನ್ನೆ ಅಮ್ಮ? ಅತ್ತೆ ಕೇಳಿದ್ದು ಎಷ್ಟು ಉಳೀತು ಅಂತ, ಎಷ್ಟು ವ್ಯತ್ಯಾಸ ಅಂತ ಅಲ್ಲ. ಮೇಷ್ಟ್ರ ಸೊನ್ನೆ ಆದರೆ ನಮ್ಮನೇಲಿ ಇನ್ನೂ ಮೂವತ್ತೆರಡು ಇರಬೇಕಲ್ಲ, ಎಲ್ಲೈತೆ?"